ಕೇಳಿದರೆ ಮಾತ್ರ ಸಿಗುವ ಕ್ಲಿಯರೆನ್ಸ್: ಟವರ್ ಇಲ್ಲದ ಏರ್‌ಪೋರ್ಟ್ ಮತ್ತು ಸ್ಪೆಷಲ್ ವಿಎಫ್‌ಆರ್

(ಅಮೆರಿಕದಲ್ಲಿ ವಿಮಾನ ಹಾರಿಸಲು ಕಲಿಯುತ್ತಿರುವ ಕನ್ನಡಿಗರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಬೆಳಗಿನ ಹೊತ್ತು. ಸಣ್ಣ ಏರ್‌ಪೋರ್ಟ್, ಒಂದೇ ರನ್‌ವೇ, ವಿಮಾನ ಸಂಚಾರ ನಿಯಂತ್ರಿಸುವ ಟವರ್ ಇಲ್ಲ. ಅಲ್ಲಿನ ಸ್ವಯಂಚಾಲಿತ ಹವಾಮಾನ ಕೇಂದ್ರ ಹೇಳುತ್ತಿದೆ: ಎರಡು ಮೈಲಿ ದೂರ ಕಾಣುತ್ತದೆ, ಸೀಲಿಂಗ್, ಅಂದರೆ ಮೋಡದ ತಳ, 800 ಅಡಿ. ನಿಮ್ಮ ಹತ್ತಿರ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಕಾಣದಿದ್ದರೂ ಉಪಕರಣ ನೋಡಿ ಹಾರಿಸುವ ಅರ್ಹತೆ, ಇಲ್ಲ. ಹಾರಬಹುದಾ?

ಕೆಲವರು ಹೌದು ಅಂತೀರಿ, ಕೆಲವರು ಇಲ್ಲ ಅಂತೀರಿ. ಇಬ್ಬರೂ ಸರಿ ಇರಬಹುದು. ಹವಾಮಾನ ವರದಿ ಎಷ್ಟು ಸಲ ಕೇಳಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಚಾರ್ಟ್ ಬಿಡಿಸಿ ನೋಡಬೇಕು.

ಸೆಕ್ಷನಲ್ ಚಾರ್ಟಿನಲ್ಲಿ, ಅಂದರೆ ಪೈಲಟ್‌ಗಳು ಬಳಸುವ ನಕ್ಷೆಯಲ್ಲಿ, ಆ ಏರ್‌ಪೋರ್ಟಿನ ಸುತ್ತ ನೇರಳೆ ಮಿಶ್ರಿತ ಕೆಂಪು ಬಣ್ಣದಲ್ಲಿ, ಅಂದರೆ ಮೆಜೆಂಟಾದಲ್ಲಿ, ತುಂಡು ತುಂಡು ಗೆರೆಯ ಒಂದು ಸುತ್ತು ಇದೆಯಾ? ಇದ್ದರೆ ಅಲ್ಲಿ ಕ್ಲಾಸ್ ಇ, ಅಂದರೆ ಕಂಟ್ರೋಲರ್ ಹಿಡಿತದಲ್ಲಿರುವ ಒಂದು ಬಗೆಯ ವಾಯುಪ್ರದೇಶ, ನೆಲದಿಂದಲೇ ಶುರುವಾಗುತ್ತದೆ. ಇದನ್ನೇ ಸರ್ಫೇಸ್ ಏರಿಯಾ ಅನ್ನುವುದು. ಅದರೊಳಗೆ ಸಾಮಾನ್ಯ ವಿಎಫ್‌ಆರ್‌ನಲ್ಲಿ, ಅಂದರೆ ಕಣ್ಣಿಗೆ ಕಾಣುವುದನ್ನು ನೋಡಿ ಹಾರುವ ನಿಯಮದಲ್ಲಿ, ಹಾರಲು ಮೂರು ಮೈಲಿ ಕಾಣಬೇಕು, ಸೀಲಿಂಗ್ 1000 ಅಡಿಗಿಂತ ಕಡಿಮೆ ಇರಬಾರದು. ನಮ್ಮ ಲೆಕ್ಕದಲ್ಲಿ ಎರಡೂ ಇಲ್ಲ. ಹಾಗಾಗಿ ಕಂಟ್ರೋಲರ್‌ನ ಅನುಮತಿ, ಅಂದರೆ ಕ್ಲಿಯರೆನ್ಸ್, ಇಲ್ಲದೆ ಹೊರಡುವಂತಿಲ್ಲ. ಈ ಮಿತಿಗಿಂತ ಕೆಟ್ಟ ಹವಾಮಾನದಲ್ಲೂ ಕಣ್ಣಿನಿಂದಲೇ ನೋಡಿ ಹಾರಲು ಸಿಗುವ ಆ ಅನುಮತಿಯೇ ಸ್ಪೆಷಲ್ ವಿಎಫ್‌ಆರ್.

ಆ ತುಂಡುಗೆರೆ ಇಲ್ಲದೆ, ಬರೀ ಮಸುಕಾದ ಮೆಜೆಂಟಾ ಪಟ್ಟಿ ಇದೆ ಅಂದುಕೊಳ್ಳಿ. ಆಗ ಕ್ಲಾಸ್ ಇ ಶುರುವಾಗುವುದು ನೆಲದಿಂದ 700 ಅಡಿ ಮೇಲೆ. ಅದರ ಕೆಳಗೆ ಕಂಟ್ರೋಲರ್ ಹಿಡಿತವಿಲ್ಲದ ಕ್ಲಾಸ್ ಜಿ. ಅಲ್ಲಿ ಹಗಲು ಒಂದು ಮೈಲಿ ಕಂಡರೆ ಸಾಕು, ಮೋಡ ಮುಟ್ಟದಿದ್ದರೆ ಸಾಕು. ಯಾರನ್ನೂ ಕೇಳಬೇಕಾಗಿಲ್ಲ. ಕೇಳಿದರೂ ಯಾರೂ ಕೊಡುವುದಿಲ್ಲ, ಯಾಕೆಂದರೆ ಕ್ಲಾಸ್ ಜಿಯಲ್ಲಿ ಸ್ಪೆಷಲ್ ವಿಎಫ್‌ಆರ್ ಅನ್ನುವುದೇ ಇಲ್ಲ.

ಅದೇ ಮೋಡ, ಅದೇ ಮಂಜು, ಅದೇ ವಿಮಾನ, ಅದೇ ಪೈಲಟ್. ಒಂದು ಕಡೆ ಸುಮ್ನೆ ಹೊರಡಬಹುದು. ಇನ್ನೊಂದು ಕಡೆ ಕ್ಲಿಯರೆನ್ಸ್ ಬೇಕು. ವಿಚಿತ್ರ ಅನ್ನಿಸುತ್ತೆ, ಅಲ್ವಾ? ಮೊದಲ ಸಲ ಓದಿದಾಗ ನನಗೂ ಇದು ಕಾನೂನಿನವರ ಕಿತಾಪತಿ ಅಂತಲೇ ಅನ್ನಿಸಿತ್ತು. ಆದರೆ ಕಾರಣ ಇದೆ. ಅದು ಗೊತ್ತಾದರೆ ಇವತ್ತಿನ ವಿಷಯದ ಮುಕ್ಕಾಲು ಪಾಲು ತಾನಾಗಿಯೇ ತಿಳಿಯುತ್ತದೆ.

ಟವರ್ ಇಲ್ಲದಿದ್ದರೂ ಕೆಲವು ಏರ್‌ಪೋರ್ಟ್‌ಗಳಿಗೆ ಐಎಫ್‌ಆರ್ ವಿಮಾನಗಳು, ಅಂದರೆ ಉಪಕರಣ ನೋಡಿ ಮೋಡದೊಳಗೂ ಹಾರುವ ವಿಮಾನಗಳು, ಬರುತ್ತವೆ. ಉತ್ತರ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಆರ್ಕೇಟಾ ಅಂತ ಒಂದು ಊರಿದೆ. ಮಂಜಿಗೆ ಎಷ್ಟು ಹೆಸರುವಾಸಿ ಅಂದರೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಮಂಜು ಚದುರಿಸುವ ಪ್ರಯೋಗಗಳಿಗೆ ಅದೇ ವಿಮಾನ ನಿಲ್ದಾಣವನ್ನು ಬಳಸಿತು. ಅಲ್ಲಿ ಇವತ್ತಿಗೂ ಟವರ್ ಇಲ್ಲ. ಆದರೆ ಪ್ರಯಾಣಿಕರ ವಿಮಾನಗಳು ಬರುತ್ತವೆ, ಹೋಗುತ್ತವೆ. ಇಂಥ ಕಡೆ ಮೋಡದೊಳಗಿಂದ ಒಂದು ವಿಮಾನ ಇಳಿದು ಬರುತ್ತಿರುವಾಗ, ಕೆಳಗೆ ಮಂಜಿನಲ್ಲಿ ಒಂದು ಪುಟ್ಟ ಸೆಸ್ನಾ ಸುತ್ತುತ್ತಿದ್ದರೆ? ಮೋಡದಿಂದ ಹೊರಬಂದವನಿಗೆ ಅದನ್ನು ನೋಡಿ ತಪ್ಪಿಸಿಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ. ಅದಕ್ಕೇ ಕಂಟ್ರೋಲರ್‌ನ ಹಿಡಿತವನ್ನು ನೆಲದವರೆಗೂ ಇಳಿಸಿದ್ದಾರೆ. ಹವಾಮಾನ ವರದಿ ಕೊಡುವ ವ್ಯವಸ್ಥೆಯೂ, ಕೆಳಗಿರುವ ವಿಮಾನದ ಜೊತೆ ಮಾತಾಡಲು ಸಂಪರ್ಕವೂ ಇರುವ ಕಡೆ ಮಾತ್ರ ಈ ಸರ್ಫೇಸ್ ಏರಿಯಾ ಮಾಡುತ್ತಾರೆ.

ಒಂದೇ ಬೀಗದ ಕೈ ಇರುವ ಕೋಣೆ ಅಂತ ಇಟ್ಟುಕೊಳ್ಳಿ. ಹವಾಮಾನ ಕೆಟ್ಟಾಗ ಕಂಟ್ರೋಲರ್ ಆ ಕೈಯನ್ನು ಸಾಮಾನ್ಯವಾಗಿ ಒಂದು ಸಲಕ್ಕೆ ಒಬ್ಬರಿಗೆ ಕೊಡುತ್ತಾನೆ. ನಿಮಗೆ ಸ್ಪೆಷಲ್ ವಿಎಫ್‌ಆರ್ ಕೊಟ್ಟ ಅಂದರೆ, ಆ ಹೊತ್ತಿಗೆ ಬೇರೆ ವಿಮಾನಗಳನ್ನು ನಿಮ್ಮಿಂದ ದೂರ ಇಟ್ಟಿದ್ದಾನೆ ಅಂತ ಅರ್ಥ. ಹವಾಮಾನ ಹಾರಲು ಚೆನ್ನಾಗಿದೆ ಅಂತ ಅವನು ಹೇಳಿಲ್ಲ. ಹೇಳುವುದು ಅವನ ಕೆಲಸವೂ ಅಲ್ಲ. ಇಡೀ ಉಪನ್ಯಾಸದಲ್ಲಿ ಒಂದೇ ಒಂದು ಮಾತು ಬರೆದುಕೊಳ್ಳುವುದಿದ್ದರೆ ಇದನ್ನು ಬರೆದುಕೊಳ್ಳಿ.

ನಿಯಮದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅದು ಅಮೆರಿಕದ ವಿಮಾನಯಾನ ನಿಯಮಾವಳಿ ಎಫ್‌ಎಆರ್‌ನ 91.157ರಲ್ಲಿದೆ. ಎಟಿಸಿಯ, ಅಂದರೆ ಕಂಟ್ರೋಲರ್‌ಗಳ, ಕ್ಲಿಯರೆನ್ಸ್ ಬೇಕು. ಮೋಡದಿಂದ ಹೊರಗಿರಬೇಕು. ಹಾರುವಾಗ ಒಂದು ಮೈಲಿಯಾದರೂ ಕಾಣಬೇಕು. ಏರುವಾಗ, ಇಳಿಯುವಾಗ ನೆಲದ ಮೇಲಿನ ವರದಿಯೂ ಒಂದು ಮೈಲಿ ತೋರಿಸಬೇಕು. ವರದಿಯೇ ಇಲ್ಲದ ಜಾಗವಾದರೆ ನಿಮ್ಮ ಕಣ್ಣಿಗೆ ಕಂಡದ್ದು ಲೆಕ್ಕ. ಇದು 10,000 ಅಡಿಯ ಕೆಳಗೆ, ಸರ್ಫೇಸ್ ಏರಿಯಾದ ಗೆರೆಯೊಳಗೆ ಮಾತ್ರ. ಸೂರ್ಯ ಮುಳುಗಿದ ಮೇಲೆ ಬೇಕಾದರೆ ಪೈಲಟ್‌ಗೆ ಇನ್‌ಸ್ಟ್ರುಮೆಂಟ್ ಹಾರಾಟದ ಅರ್ಹತೆ ಇರಬೇಕು, ವಿಮಾನದಲ್ಲೂ ಅದಕ್ಕೆ ಬೇಕಾದ ಉಪಕರಣ ಇರಬೇಕು. ನಿಮ್ಮಲ್ಲಿ ಇನ್ನೂ ಸ್ಟೂಡೆಂಟ್ ಪೈಲಟ್ ಆಗಿರುವವರಿಗೆ ಸೋಲೋದಲ್ಲಿ ಇದರಿಂದ ಉಪಯೋಗವಿಲ್ಲ. ಹಗಲಲ್ಲಿ ಮೂರು ಮೈಲಿಗಿಂತ ಕಡಿಮೆ ಕಾಣುವಾಗ ಒಬ್ಬರೇ ಹಾರಲು ನಿಮಗೆ ಅವಕಾಶವೇ ಇಲ್ಲ.

ಷಿಕಾಗೋದ ಓಹೇರ್, ಲಾಸ್ ಏಂಜಲಿಸ್, ಅಟ್ಲಾಂಟಾದಂಥ ದೊಡ್ಡ ನಿಲ್ದಾಣಗಳಲ್ಲಿ ರೆಕ್ಕೆಯ ವಿಮಾನಗಳಿಗೆ ಸ್ಪೆಷಲ್ ವಿಎಫ್‌ಆರ್ ಕೊಡುವುದೇ ಇಲ್ಲ. ಚಾರ್ಟಿನಲ್ಲಿ ಹೆಸರಿನ ಮೇಲೆ ‘ನೋ ಎಸ್‌ವಿಎಫ್‌ಆರ್’ ಅಂತ ಬರೆದಿರುತ್ತಾರೆ. ನಮ್ಮ ವಿಷಯ ಸಣ್ಣ ಏರ್‌ಪೋರ್ಟ್‌ಗಳದ್ದು, ಹಾಗಾಗಿ ಅದನ್ನು ಇಲ್ಲಿಗೇ ಬಿಡೋಣ.

ಈಗ ನಿಜವಾಗಿ ಎಡವುವ ಜಾಗಕ್ಕೆ ಬರೋಣ. ಟವರ್ ಇದ್ದರೆ ಟವರನ್ನು ಕೇಳುತ್ತೀರಿ. ಟವರ್ ಇಲ್ಲದಿದ್ದರೆ ಯಾರನ್ನು?

ಆ ಸರ್ಫೇಸ್ ಏರಿಯಾವನ್ನು ಯಾರೋ ಒಬ್ಬರು ನೋಡಿಕೊಳ್ಳುತ್ತಿರುತ್ತಾರೆ. ಹತ್ತಿರದಲ್ಲಿ ದೊಡ್ಡ ಊರಿದ್ದರೆ ಅದರ ಸುತ್ತಲಿನ ವಿಮಾನಗಳನ್ನು ನೋಡಿಕೊಳ್ಳುವ ಅಪ್ರೋಚ್ ಕಂಟ್ರೋಲ್, ಇಲ್ಲದಿದ್ದರೆ ದೊಡ್ಡ ಪ್ರದೇಶವನ್ನೇ ನೋಡಿಕೊಳ್ಳುವ ಸೆಂಟರ್. ಹಾರುತ್ತಿದ್ದರೆ ತೊಂದರೆ ಇಲ್ಲ, ಅವರ ಫ್ರೀಕ್ವೆನ್ಸಿಗೆ ಹೋಗಿ ಕೇಳಿ. ನೆಲದ ಮೇಲಿದ್ದಾಗಲೇ ಕಷ್ಟ. ಸೆಂಟರ್‌ನ ಆಂಟೆನಾ ಎಲ್ಲೋ ದೂರದ ಗುಡ್ಡದ ಮೇಲಿರುತ್ತದೆ. ರ‍್ಯಾಂಪ್‌ನಲ್ಲಿ ಕೂತು ಕರೆದರೆ ನಿಮ್ಮ ದನಿ ಅಲ್ಲಿಗೆ ಮುಟ್ಟದೇ ಇರಬಹುದು.

ಆಗ ಫೋನ್. ಏರ್‌ಪೋರ್ಟ್‌ಗಳ ಕೈಪಿಡಿಯಾದ ಚಾರ್ಟ್ ಸಪ್ಲಿಮೆಂಟ್‌ನಲ್ಲಿ ಆ ಏರ್‌ಪೋರ್ಟಿನ ವಿವರದ ಕೆಳಗೆ ಕ್ಲಿಯರೆನ್ಸ್ ಡೆಲಿವರಿ ನಂಬರ್ ಇರುತ್ತದೆ. ಅದು ನೇರವಾಗಿ ಅಪ್ರೋಚ್‌ಗೋ ಸೆಂಟರ್‌ಗೋ ಹೋಗುತ್ತದೆ. ಪೈಲಟ್‌ಗಳಿಗೆ ಹವಾಮಾನ ಮುಂತಾದ ಮಾಹಿತಿ ಕೊಡುವ ಫ್ಲೈಟ್ ಸರ್ವಿಸ್ ಮೂಲಕವೂ ಕೇಳಬಹುದು. ಆದರೆ ಒಂದು ವಿಷಯ ನೆನಪಿರಲಿ. ಫ್ಲೈಟ್ ಸರ್ವಿಸ್‌ನವರಿಗೆ ಕ್ಲಿಯರೆನ್ಸ್ ಕೊಡುವ ಅಧಿಕಾರ ಇಲ್ಲ. ಅವರು ಕಂಟ್ರೋಲರ್‌ನನ್ನು ಕೇಳಿ, ಅವನು ಹೇಳಿದ್ದನ್ನು ನಿಮಗೆ ಓದಿ ಹೇಳುತ್ತಾರೆ. ಅದಕ್ಕೇ ಅವರ ಮಾತು ‘ಎಟಿಸಿ ಕ್ಲಿಯರ್ಸ್’ ಅಂತ ಶುರುವಾಗುತ್ತದೆ. ಮಧ್ಯೆ ಒಂದು ಕೈ ಜಾಸ್ತಿ ಆಯಿತು, ಹೊತ್ತೂ ಜಾಸ್ತಿ. ಕೆಲವು ಏರ್‌ಪೋರ್ಟ್‌ಗಳಲ್ಲಿ ರೇಡಿಯೋವನ್ನೇ ಫೋನ್ ಲೈನಿಗೆ ಜೋಡಿಸಿದ ವ್ಯವಸ್ಥೆ ಇರುತ್ತಿತ್ತು. ಮೈಕಿನ ಗುಂಡಿಯನ್ನು ನಾಲ್ಕು ಸಲ ಒತ್ತಿದರೆ ಎಟಿಸಿ, ಆರು ಸಲ ಒತ್ತಿದರೆ ಫ್ಲೈಟ್ ಸರ್ವಿಸ್. ಮೊಬೈಲ್ ಬಂದ ಮೇಲೆ ಅದರ ನೆನಪು ಪರೀಕ್ಷೆಯ ಪುಸ್ತಕಗಳಲ್ಲೇ ಜಾಸ್ತಿ.

ಏನಂತ ಕೇಳಬೇಕು? ಉದ್ದದ ಫ್ಲೈಟ್ ಪ್ಲಾನ್ ಏನೂ ಬೇಡ. ನೀವು ಯಾರು, ಎಲ್ಲಿದ್ದೀರಿ, ಯಾವ ವಿಮಾನ, ಒಳಗೆ ಬರಬೇಕಾ ಹೊರಗೆ ಹೋಗಬೇಕಾ, ಯಾವ ದಿಕ್ಕಿಗೆ, ಯಾವಾಗ. ‘ರಿಕ್ವೆಸ್ಟ್ ಸ್ಪೆಷಲ್ ವಿಎಫ್‌ಆರ್, ಡಿಪಾರ್ಟಿಂಗ್ ಟು ದ ಈಸ್ಟ್, ರೆಡಿ ಇನ್ ಫೈವ್ ಮಿನಿಟ್ಸ್.’ ಇಷ್ಟು ಸಾಕು. ಈ ಮಾತಿನಲ್ಲಿ ‘ಸ್ಪೆಷಲ್ ವಿಎಫ್‌ಆರ್’ ಅನ್ನುವ ಎರಡು ಪದ ಇರಲೇಬೇಕು.

ಯಾಕೆಂದರೆ ಕಂಟ್ರೋಲರ್ ಇದನ್ನು ತಾನಾಗಿ ಕೊಡುವುದಿಲ್ಲ. ಬೇಕಾ ಅಂತ ಕೇಳುವುದೂ ಇಲ್ಲ. ಪೈಲಟ್ ಕೇಳಿದರೆ ಮಾತ್ರ ಅಂತ ಅವರ ನಿಯಮ. ನೀವು ಹತ್ತು ಮೈಲಿ ಆಚೆಯಿಂದ ‘ಇಳಿಯಲು ಬರುತ್ತಿದ್ದೇನೆ’ ಅಂದರೆ ಅವನು ಹೇಳುವುದು ಇಷ್ಟೇ: ಏರ್‌ಪೋರ್ಟ್ ವಿಎಫ್‌ಆರ್ ಮಿತಿಗಿಂತ ಕೆಳಗಿದೆ, ಏನು ಮಾಡುತ್ತೀರಿ? ಆಗ ಕೆಲವರು ಕಕ್ಕಾಬಿಕ್ಕಿ. ಗೆರೆಯ ಆಚೆ ಗಿರಕಿ ಹೊಡೆಯುತ್ತಾ, ‘ಸ್ಟ್ಯಾಂಡ್ ಬೈ’ ಅನ್ನುತ್ತಾ ಹತ್ತು ನಿಮಿಷ ಕಳೆಯುತ್ತಾರೆ. ಕಂಟ್ರೋಲರ್‌ಗೆ ಉತ್ತರ ಗೊತ್ತು, ಆದರೆ ಅವನು ಬಾಯಿ ಬಿಡುವಂತಿಲ್ಲ. ನಿಯಮ ಹೀಗಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ರೇಡಿಯೋದಲ್ಲಿ ಅಧಿಕಾರದ ದನಿಯೊಂದು ‘ಸ್ಪೆಷಲ್ ಬೇಕಾ?’ ಅಂದರೆ, ಹೊಸ ಪೈಲಟ್ ಕಿವಿಗೆ ಅದು ‘ಬಾ, ಏನೂ ಆಗಲ್ಲ’ ಅಂತಲೇ ಕೇಳಿಸುತ್ತದೆ. ಆ ಒತ್ತಡ ಬೇಡ.

ಕೇಳಿದ ಮೇಲೆ ತಕ್ಷಣ ಸಿಗುತ್ತದೆ ಅಂತಲೂ ಇಲ್ಲ. ಐಎಫ್‌ಆರ್ ವಿಮಾನಗಳಿಗೆ ತಡ ಆಗದಿದ್ದರೆ ಮಾತ್ರ ನಿಮಗೆ. ಮೇಲಿಂದ ಒಬ್ಬ ಇಳಿಯಲು ಅಪ್ರೋಚ್ ಶುರು ಮಾಡಿದ್ದರೆ, ಅವನು ಇಳಿದು ವರದಿ ಕೊಡುವವರೆಗೆ ನೀವು ಕಾಯಬೇಕು. ಟವರ್ ಇಲ್ಲದ ಕಡೆ ಈ ಕಾಯುವಿಕೆ ಉದ್ದ. ಅವನು ಇಳಿದದ್ದನ್ನು ನೋಡಿ ಹೇಳಲು ಅಲ್ಲಿ ಯಾರೂ ಇಲ್ಲ. ರೇಡಾರ್‌ನಲ್ಲೂ ಅಷ್ಟು ಕೆಳಗೆ ಎಷ್ಟೋ ಕಡೆ ಕಾಣುವುದಿಲ್ಲ.

ಸಿಕ್ಕಿದಾಗ ಮಾತು ಹೀಗಿರುತ್ತದೆ: ‘ಕ್ಲಿಯರ್ಡ್ ಔಟ್ ಆಫ್’ ಅಂತ ಶುರುವಾಗಿ, ಏರ್‌ಪೋರ್ಟಿನ ಹೆಸರು, ‘ಸರ್ಫೇಸ್ ಏರಿಯಾ’, ದಿಕ್ಕು, ಆಮೇಲೆ ‘ಮೇಂಟೇನ್ ಸ್ಪೆಷಲ್ ವಿಎಫ್‌ಆರ್ ಕಂಡಿಷನ್ಸ್’. ಹೊರಟ ಮೇಲೆ ಗೆರೆ ದಾಟಿದಾಗ ತಿಳಿಸಿ ಅಂತಲೂ ಹೇಳಬಹುದು. ಇಂಥ ಹೊತ್ತಿನೊಳಗೆ ಹೊರಡದಿದ್ದರೆ ಕ್ಲಿಯರೆನ್ಸ್ ರದ್ದು ಅಂತಲೂ ಸೇರಿಸಬಹುದು. ಗಡಿಯಾರ ನೋಡಿಕೊಳ್ಳಿ. ಎಂಜಿನ್ ಸರಿಯಾಗಿ ಶುರುವಾಗದೆ ಆ ಹೊತ್ತು ಮೀರಿತೋ, ಸುಮ್ನೆ ಕೂರಬೇಡಿ, ಮತ್ತೆ ಫೋನ್ ಮಾಡಿ ‘ಹೊರಟಿಲ್ಲ’ ಅನ್ನಿ. ನಿಮಗೋಸ್ಕರ ಮೇಲೆ ಯಾರೋ ಸುತ್ತು ಹಾಕುತ್ತಿರಬಹುದು.

ಆ ಕ್ಲಿಯರೆನ್ಸ್‌ನಲ್ಲಿ ಏನಿಲ್ಲ ಅನ್ನುವುದನ್ನೂ ಗಮನಿಸಿ. ಇಷ್ಟೇ ಎತ್ತರದಲ್ಲಿ ಹಾರು ಅಂತ ಇಲ್ಲ. ಮೋಡ ಎಲ್ಲಿದೆ ಅಂತ ನಿಮಗೆ ತಾನೇ ಗೊತ್ತಿರುವುದು? ಬೇರೆ ವಿಮಾನ ಇದ್ದರೆ ‘ಇಂತಿಷ್ಟು ಅಡಿ ಅಥವಾ ಅದಕ್ಕಿಂತ ಕೆಳಗೆ’ ಅನ್ನಬಹುದು, ಅಷ್ಟೇ. ಹಾಗಂತ ಎಷ್ಟು ಬೇಕಾದರೂ ಕೆಳಗೆ ಹೋಗುವಂತಿಲ್ಲ. ಕನಿಷ್ಠ ಎತ್ತರದ ನಿಯಮ ಹಾಗೇ ಇರುತ್ತದೆ. ಊರಿನ ಮೇಲೆ ಹಾರುವುದಾದರೆ ಅಲ್ಲಿನ ಅತಿ ಎತ್ತರದ ಕಟ್ಟಡಕ್ಕಿಂತ 1000 ಅಡಿ ಮೇಲಿರಬೇಕು. ಸೀಲಿಂಗ್ 800 ಅಡಿ ಇದ್ದರೆ ಅದು ಸಾಧ್ಯವೇ ಇಲ್ಲ. ಅಂದರೆ ಸ್ಪೆಷಲ್ ಸಿಕ್ಕರೂ ಊರ ಕಡೆ ತಿರುಗುವಂತಿಲ್ಲ. ದಿಕ್ಕು ಹೇಳುವಾಗಲೇ ಇದನ್ನು ಯೋಚಿಸಿರಬೇಕು.

ಇನ್ನೊಂದು ಕುಣಿಕೆ ಇದೆ. ಇದನ್ನು ನಾನು ಸ್ವಲ್ಪ ಎಳೆದೇ ಹೇಳುತ್ತೇನೆ, ಯಾಕೆಂದರೆ ಪುಸ್ತಕದಲ್ಲಿ ಓದುವಾಗ ಇದು ಕಣ್ಣಿಗೆ ಬೀಳುವುದಿಲ್ಲ. ಸ್ಪೆಷಲ್ ವಿಎಫ್‌ಆರ್ ಗೆರೆಯೊಳಗೆ ಮಾತ್ರ ಅಂದೆ. ಆ ಸುತ್ತು ಸಾಮಾನ್ಯವಾಗಿ ಏರ್‌ಪೋರ್ಟಿನಿಂದ ನಾಲ್ಕೈದು ಮೈಲಿ. ಹೊರಗೆ ಕಾಲಿಟ್ಟ ಕ್ಷಣ ಅಲ್ಲಿನ ಮಾಮೂಲಿ ನಿಯಮ ಶುರು. ನೀವು 750 ಅಡಿಯಲ್ಲಿ, ಮೋಡದ ತಳಕ್ಕೆ ಅಂಟಿಕೊಂಡು, ಎರಡು ಮೈಲಿ ಕಾಣುವಾಗ ಗೆರೆ ದಾಟಿದಿರಿ. ಹೊರಗೆ 700 ಅಡಿಯಿಂದ ಮೇಲೆ ಕ್ಲಾಸ್ ಇ. ಅಲ್ಲಿ ಮೂರು ಮೈಲಿ ಕಾಣಬೇಕು, ಮೋಡದಿಂದ 500 ಅಡಿ ಕೆಳಗಿರಬೇಕು. ಒಳಗೆ ಕಾನೂನುಬದ್ಧವಾಗಿ ಹಾರುತ್ತಿದ್ದವರು ಹೊರಗೆ ಬಂದು ನಿಯಮ ಮುರಿದಿರಿ. ಉಳಿದ ದಾರಿ ಅಂದರೆ 700 ಅಡಿಗಿಂತ ಕೆಳಗೆ ಇಳಿದು ಕ್ಲಾಸ್ ಜಿಯಲ್ಲಿ ಹೋಗುವುದು. ಮೊಬೈಲ್ ಟವರ್‌ಗಳು, ವಿದ್ಯುತ್ ತಂತಿಗಳು, ಗುಡ್ಡಗಳು ಇರುವ ಎತ್ತರ ಅದು. ಗೆರೆಯ ಆಚೆ ಹವಾಮಾನ ಒಳಗಿಗಿಂತ ಚೆನ್ನಾಗಿದೆ ಅಂತ ಖಚಿತ ಇಲ್ಲದಿದ್ದರೆ ಸ್ಪೆಷಲ್ ಕೇಳುವುದರಲ್ಲಿ ಅರ್ಥವೇ ಇಲ್ಲ.

ಹಾಗಾದರೆ ಇದು ಯಾವಾಗ ಉಪಯೋಗಕ್ಕೆ ಬರುತ್ತದೆ? ರನ್‌ವೇ ಪಕ್ಕದ ಹೊಳೆಯಿಂದ ಬೆಳಗ್ಗೆ ತೆಳು ಮಂಜು ಎದ್ದಿದೆ. ಹವಾಮಾನ ಅಳೆಯುವ ಯಂತ್ರ ತಾನಿರುವ ಮೂಲೆಯಲ್ಲಿ ಎರಡೂವರೆ ಮೈಲಿ ಅನ್ನುತ್ತಿದೆ. ನೀವು ತಲೆ ಎತ್ತಿದರೆ ನೀಲಿ ಆಕಾಶ. ಹತ್ತಿರದ ಎಲ್ಲ ಕೇಂದ್ರಗಳಲ್ಲೂ ಹತ್ತು ಮೈಲಿ ಕಾಣುತ್ತಿದೆ. ಇಂಥ ದಿನ ಸ್ಪೆಷಲ್ ಕೇಳಿ, ಐದು ನಿಮಿಷದಲ್ಲಿ ಬಿಸಿಲಿಗೆ ಬನ್ನಿ. ಇಲ್ಲವೇ ಸಮುದ್ರದ ಕಡೆಯಿಂದ ಮೋಡದ ಒಂದು ತುಂಡು ಬಂದು 900 ಅಡಿಯಲ್ಲಿ ಏರ್‌ಪೋರ್ಟಿನ ಮೇಲೆ ನಿಂತಿದೆ, ಕೆಳಗೆ ಎಂಟು ಮೈಲಿ ಕಾಣುತ್ತಿದೆ. ಇಲ್ಲೂ ಕೇಳಲು ಹಿಂಜರಿಯಬೇಡಿ. ಹೆದರಿ ಕೇಳದೇ ಇರುವವರನ್ನೂ ನೋಡಿದ್ದೇನೆ. ಅದು ಏನೋ ಅಡ್ಡದಾರಿ ಅಂತ ಅವರ ಭಾವನೆ. ಅಡ್ಡದಾರಿ ಅಲ್ಲ.

ಇಡೀ ಪ್ರದೇಶದಲ್ಲೇ ಒಂದೂವರೆ ಮೈಲಿ, 600 ಅಡಿ ಇದ್ದರೆ ಅದು ಬೇರೆಯೇ ಕಥೆ. 90 ನಾಟ್ ವೇಗದಲ್ಲಿ ಒಂದು ಮೈಲಿ ಅಂದರೆ ಸುಮಾರು 35 ಸೆಕೆಂಡ್. ಕಂಡದ್ದು ಏನು ಅಂತ ಅರ್ಥವಾಗುವುದರೊಳಗೆ ಅದರ ಹತ್ತಿರ ಬಂದಿರುತ್ತೀರಿ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದ್ದರು. ಇನ್‌ಸ್ಟ್ರುಮೆಂಟ್ ತರಬೇತಿ ಇಲ್ಲದ 20 ಪೈಲಟ್‌ಗಳನ್ನು ಬೊನಾಂಜಾ ವಿಮಾನದಲ್ಲಿ ಕೂರಿಸಿ ಹೊರಗಿನ ನೋಟ ಮರೆಮಾಡಿದರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡ್. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಆ ಪ್ರಯೋಗದ ಉದ್ದೇಶ ಹೆದರಿಸುವುದಾಗಿರಲಿಲ್ಲ ಅನ್ನುವುದನ್ನು ಮಾತ್ರ ಕಡಿಮೆ ಜನ ಹೇಳುತ್ತಾರೆ. ಮೋಡ ಹೊಕ್ಕವರು ತಿರುಗಿ ಹೊರಬರುವ ಸರಳ ವಿಧಾನ ಕಲಿಸಬಹುದಾ ಅಂತ ನೋಡುತ್ತಿದ್ದರು. ಕಲಿಸಿದ ಮೇಲೆ ಹೆಚ್ಚುಕಡಿಮೆ ಎಲ್ಲರೂ ಅದನ್ನು ಮಾಡಿ ತೋರಿಸಿದರು.

ಕ್ಲಿಯರೆನ್ಸ್ ಕೈಯಲ್ಲಿದ್ದೂ ಕೆಟ್ಟದಾಗಿ ಮುಗಿದ ಒಂದು ಹಾರಾಟದ ವಿಷಯ ಹೇಳಬೇಕು. 2013ರ ನವೆಂಬರ್ 29, ಪಶ್ಚಿಮ ಅಲಾಸ್ಕಾ. ಸೆಸ್ನಾ 208 ಕ್ಯಾರವಾನ್, ಒಳಗೆ ಹತ್ತು ಜನ, ರಾತ್ರಿ, ವಿಎಫ್‌ಆರ್. ಮೊದಲು ಇಳಿಯಬೇಕಿದ್ದ ಊರಿನಲ್ಲಿ ಹವಾಮಾನ ಕೆಟ್ಟಿತು. ಪೈಲಟ್ ಎರಡನೇ ಊರು ಸೇಂಟ್ ಮೇರೀಸ್ ಕಡೆ ತಿರುಗಿದ. ಸೆಂಟರನ್ನು ಸ್ಪೆಷಲ್ ವಿಎಫ್‌ಆರ್ ಕೇಳಿದ, ಸಿಕ್ಕಿತು. ಏರ್‌ಪೋರ್ಟಿನಿಂದ ಸುಮಾರು ಒಂದು ಮೈಲಿ ದೂರದಲ್ಲಿ ವಿಮಾನ ನೆಲಕ್ಕೆ ಬಡಿಯಿತು. ನಾಲ್ವರು ಸತ್ತರು. ಕ್ಲಿಯರೆನ್ಸ್‌ನಲ್ಲಿ ದೋಷ ಇರಲಿಲ್ಲ. ಬೇರೆ ವಿಮಾನಗಳಿಂದ ಅವನನ್ನು ದೂರ ಇಡುವುದು ಅದರ ಕೆಲಸ, ಅಷ್ಟನ್ನು ಅದು ಮಾಡಿತ್ತು. ರಾತ್ರಿ, ಮಂಜು, ರೆಕ್ಕೆಯ ಮೇಲಿನ ಹಿಮ, ಇವು ಯಾವುವೂ ಅದರ ಲೆಕ್ಕದಲ್ಲಿ ಇರುವುದೇ ಇಲ್ಲ.

ಕೊನೆಗೆ ಇಳಿದ ಮೇಲಿನ ಕೆಲಸ. ಒಳಬರಲು ಸ್ಪೆಷಲ್ ತೆಗೆದುಕೊಂಡಿದ್ದರೆ, ಇಳಿದ ತಕ್ಷಣ ತಿಳಿಸಿ. ರೇಡಿಯೋ ಮುಟ್ಟದಿದ್ದರೆ ಫೋನ್. ಮೊದಲೇ ಆ ನಂಬರನ್ನು ಮೊಣಕಾಲಿನ ಹಲಗೆಯ ಮೇಲೆ ಬರೆದಿಟ್ಟುಕೊಳ್ಳಿ. ವಿಮಾನ ಕಟ್ಟಿ, ಕಾಫಿ ಕುಡಿದು, ಆಮೇಲೆ ಮಾಡೋಣ ಅಂದರೆ ಅಷ್ಟು ಹೊತ್ತೂ ಆ ಆಕಾಶ ನಿಮ್ಮ ಹೆಸರಿನಲ್ಲಿ ಬೀಗ ಹಾಕಿಕೊಂಡೇ ಇರುತ್ತದೆ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ‘ಸಾರ್, ಸ್ಪೆಷಲ್ ಸಿಕ್ಕಿದ ಮೇಲೆ ಒಳಗೆ ನಾನೊಬ್ಬನೇ ಅಂತಾದರೆ ಸಿಟಿಎಎಫ್‌ನಲ್ಲಿ ಮಾತಾಡುವುದು ಬೇಕಾ?’ ಸಿಟಿಎಎಫ್ ಅಂದರೆ ಟವರ್ ಇಲ್ಲದ ಕಡೆ ಪೈಲಟ್‌ಗಳು ತಮ್ಮತಮ್ಮಲ್ಲೇ ಮಾತಾಡುವ ರೇಡಿಯೋ ಫ್ರೀಕ್ವೆನ್ಸಿ. ಬೇಕು. ಕಾಗದದ ಮೇಲೆ ನೀವೊಬ್ಬರೇ. ಹವಾಮಾನ ವರದಿ ಕೇಳದೆ, ‘ನನಗೆ ಚೆನ್ನಾಗಿ ಕಾಣ್ತಾ ಇದೆ’ ಅಂತ ಹೊರಡುವವರು ಇರುತ್ತಾರೆ. ಅವರು ಕಂಟ್ರೋಲರ್‌ನ ಲೆಕ್ಕದಲ್ಲಿ ಇಲ್ಲ. ಎರಡು ರೇಡಿಯೋ ಇದ್ದರೆ ಒಂದನ್ನು ಸಿಟಿಎಎಫ್‌ಗೇ ಬಿಡಿ.

‘ಟವರ್ ಇರುವ ಏರ್‌ಪೋರ್ಟಿನಲ್ಲಿ ರಾತ್ರಿ ಟವರ್ ಮುಚ್ಚಿದರೆ?’ ಒಳ್ಳೆಯ ಪ್ರಶ್ನೆ. ಕೆಲವು ಕಡೆ ಟವರ್ ಹಿಡಿತದ ಕ್ಲಾಸ್ ಡಿ ಹೋಗಿ ಕ್ಲಾಸ್ ಇ ಆಗುತ್ತದೆ, ಕೆಲವು ಕಡೆ ಕ್ಲಾಸ್ ಜಿ. ಊಹೆ ಬೇಡ, ಚಾರ್ಟ್ ಸಪ್ಲಿಮೆಂಟ್‌ನಲ್ಲಿ ಬರೆದಿರುತ್ತದೆ. ಬೆಳಗ್ಗೆ ಟವರ್ ತೆರೆಯುವ ಮೊದಲು ಮಂಜಿನಲ್ಲಿ ಹೊರಡುವವರಿಗೆ ಇದು ತುಂಬಾ ಮುಖ್ಯ.

ಹೆಲಿಕಾಪ್ಟರ್ ಬಗ್ಗೆ ಒಬ್ಬರು ಕೇಳಿದರು. ಅವರಿಗೆ ಒಂದು ಮೈಲಿಯ ಮಿತಿಯೂ ಇಲ್ಲ, ರಾತ್ರಿಯ ಷರತ್ತೂ ಇಲ್ಲ. ಮೋಡದಿಂದ ಹೊರಗಿದ್ದರೆ ಆಯಿತು. ಅವರು ನಿಧಾನ ಮಾಡಬಹುದು, ನಿಲ್ಲಬಹುದು. ಕ್ಲಿಯರೆನ್ಸ್ ಮಾತ್ರ ಅವರೂ ಕೇಳಲೇಬೇಕು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ‘ಕೇಳಿದೆ, ಕಂಟ್ರೋಲರ್ ಈಗ ಆಗಲ್ಲ ಅಂದ. ಆಗ?’ ಗೆರೆಯ ಹೊರಗೆ, ಚೆನ್ನಾಗಿ ಕಾಣುವ ಜಾಗದಲ್ಲಿ ಕಾಯಿರಿ. ಎಷ್ಟು ಹೊತ್ತಾಗಬಹುದು ಅಂತ ಕೇಳಿ, ಸಾಮಾನ್ಯವಾಗಿ ಹೇಳುತ್ತಾರೆ. ಹಗಲಿನ ವಿಎಫ್‌ಆರ್‌ಗೆ ಕಾನೂನು ಕೇಳುವ ಹೆಚ್ಚುವರಿ ಇಂಧನ ಬರೀ 30 ನಿಮಿಷದ್ದು. ಎದುರಿಗೆ ಎರಡು ಐಎಫ್‌ಆರ್ ವಿಮಾನಗಳು ಸಾಲಿನಲ್ಲಿದ್ದರೆ ಅದು ಅಲ್ಲೇ ಕರಗಿ ಹೋಗುತ್ತದೆ. ಹಾಗಾಗಿ ಹೊರಡುವ ಮೊದಲೇ ಬಿಸಿಲಿರುವ ಇನ್ನೊಂದು ಏರ್‌ಪೋರ್ಟನ್ನು ಗುರುತು ಮಾಡಿಕೊಂಡು, ಅಲ್ಲಿಗೆ ತಿರುಗುವ ಹೊತ್ತನ್ನೂ ಗಡಿಯಾರದಲ್ಲಿ ಗೊತ್ತು ಮಾಡಿಕೊಳ್ಳಿ. ಆ ಹೊತ್ತು ಬಂದಾಗ ಕಂಟ್ರೋಲರ್ ‘ಇನ್ನೈದೇ ನಿಮಿಷ’ ಅಂದರೂ ತಿರುಗಿಬಿಡಿ.